ಕರ್ಫ್ಯೂ ಗಂಟೆ ಮತ್ತು ಜಾಮಿನ ಬಾಣಲೆ

ಇನ್ನು ಸತ್ತರೂ ಯಾವ ಇಂಗ್ಲಿಷ್ ಪದದ ಹುಟ್ಟನ್ನೂ ಬಾಯಿಬಿಟ್ಟು ಹೇಳುವುದಿಲ್ಲ ಎಂದು ಸೆಡ್ರಿಕ್ ಆಲರ್ಟನ್ ಕನ್ನಡಿಯ ಮುಂದೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ. ಯಾರ್ಕ್‌ಷೈರಿನ ಆ ಪುಟ್ಟ ಊರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದವಳು ಒಬ್ಬಳೇ ವಿದ್ಯಾರ್ಥಿನಿ, ಹೆಂಡತಿ ನೆಸ್ಟಾ. ಈಗ ಅವಳೂ ಶಾಲೆ ಬಿಟ್ಟಿದ್ದಳು!

ಆದದ್ದಿಷ್ಟು. ಒಂದು ಬೆಳಗ್ಗೆ ಮೀನಖಂಡ ಹಿಡಿದುಕೊಂಡು ಅವಳು ಹಾಸಿಗೆಯಲ್ಲಿ ಹೊರಳಾಡುತ್ತಿದ್ದಳು. ಈ ಮಹಾನುಭಾವ ಕಾಲು ತಿಕ್ಕುವುದು ಬಿಟ್ಟು, ‘ಮಸಲ್’ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ, ಚರ್ಮದಡಿ ಇಲಿ ಓಡಿದಂತೆ ಕಾಣುತ್ತದಲ್ಲ ಅದಕ್ಕೇ ಆ ಹೆಸರು, ಎಂದು ಪಾಠ ಶುರುಮಾಡಿದ್ದ.

“ಆ ಇಲಿ ಜೊತೇನೇ ಸಂಸಾರ ಮಾಡು,” ಎಂದು ಅವಳು ಕುಂಟುತ್ತಲೇ ಬಸ್ಸು ಹತ್ತಿ ಸ್ಕಾರ್‌ಬರೋದ ಅಕ್ಕನ ಮನೆಗೆ ಹೋಗಿಬಿಟ್ಟಳು.

ನಾಲ್ಕು ದಿನ ಎಂದದ್ದು ತಿಂಗಳಾಯಿತು. ಮನೆ ಬಿಕೋ ಎನ್ನುತ್ತಿತ್ತು. ಸೆಡ್ರಿಕ್ ಮರೆತು ಎರಡು ಕಪ್ ಟೀ ಮಾಡುವನು, ಒಂದನ್ನು ಚೆಲ್ಲುವನು. ಅವಳ ಕುರ್ಚಿಯ ಮೇಲಿದ್ದ ಅರ್ಧ ಹೆಣೆದ ಸ್ವೆಟರನ್ನು ತೆಗೆದಿಡಲು ಅವನಿಗೆ ಮನಸ್ಸಾಗಲಿಲ್ಲ. ಬ್ರೆಡ್ಡಿಗೆ ಕಿತ್ತಳೆ ಜಾಮು ಹಚ್ಚುವಾಗ, ಅದರ ‘ಮಾರ್ಮಲೇಡ್’ ಎಂಬ ಹೆಸರು ಪೋರ್ಚುಗಲ್ಲಿನ ಪದ ಎಂದು ಬೆಕ್ಕಿಗೆ ಹೇಳಲು ಬಾಯಿ ತೆರೆದು, ಪ್ರತಿಜ್ಞೆ ನೆನಪಾಗಿ ಮುಚ್ಚಿಕೊಂಡ. ಕೇಳುವವಳೇ ಇಲ್ಲದ ಮೇಲೆ ಪದಗಳನ್ನಿಟ್ಟುಕೊಂಡು ಏನು ಮಾಡುವುದು?

ಕೊನೆಗೊಂದು ಭಾನುವಾರ ಫೋನ್ ಬಂತು. ಸಂಜೆ ಬಸ್ಸಿಗೆ ಬರುತ್ತೇನೆ, ಆದರೆ ಪದದ ಪುರಾಣ ತೆಗೆದರೆ ಅದೇ ಬಸ್ಸಿಗೆ ವಾಪಸ್, ಎಂದಳು. ಸೆಡ್ರಿಕ್ ನೆಲ ಒರೆಸಿದ, ಅವಳಿಗೆ ಬೆಚ್ಚಗಿರಲೆಂದು ಅಗ್ಗಿಷ್ಟಿಕೆಗೆ ಕೊರಡು ತುಂಬಿ ಬೆಂಕಿ ಮಾಡಿದ.

ಅವಳನ್ನು ಕರೆತರಲು ಹೊರಡುವ ಹೊತ್ತಿಗೆ ಚರ್ಚಿನಲ್ಲಿ ಕರ್ಫ್ಯೂ ಗಂಟೆ ಹೊಡೆಯಿತು. ಅದು ಪೊಲೀಸರ ಕರ್ಫ್ಯೂ ಅಲ್ಲ. ಆ ಊರಿನಲ್ಲಿ ಹಿಂದಿನಿಂದಲೂ ಸಂಜೆಯಾದರೆ ಹೊಡೆಯುವ ಗಂಟೆ. ಉರಿಯುವ ಬೆಂಕಿ ಬಿಟ್ಟು ಹೋಗುವುದು ಹೇಗೆ ಎಂದು ನಿಂತಿದ್ದವನಿಗೆ ಥಟ್ಟನೆ ಹೊಳೆಯಿತು. ಕರ್ಫ್ಯೂ ಎಂದರೆ ಹಳೇ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’! ಈ ಗಂಟೆ ಕೇಳಿಯೇ ಹಿಂದಿನವರು ಒಲೆ ಮುಚ್ಚಿ ಮಲಗುತ್ತಿದ್ದರು. ಪದದ ಹುಟ್ಟು ಹೇಳುವುದಿಲ್ಲ ಎಂದಿದ್ದನೇ ಹೊರತು ಅದರಂತೆ ನಡೆಯುವುದಿಲ್ಲ ಎಂದಿರಲಿಲ್ಲವಲ್ಲ. ನೆಸ್ಟಾ ಜಾಮ್ ಮಾಡುವ ತಾಮ್ರದ ದೊಡ್ಡ ಬಾಣಲೆಯನ್ನು ಧಗಧಗ ಉರಿಯುವ ಕೊರಡುಗಳ ಮೇಲೆ ಬೋರಲು ಹಾಕಿ, ಸೀಟಿ ಹೊಡೆಯುತ್ತ ನಿಲ್ದಾಣಕ್ಕೆ ನಡೆದ.

ಇಬ್ಬರೂ ಮನೆಗೆ ಬರುವಷ್ಟರಲ್ಲಿ ಹೊಗೆ ಚಿಮಣಿಯನ್ನು ಬಿಟ್ಟು ಒಳಮನೆಗೆ ನುಗ್ಗಿತ್ತು. ಪಕ್ಕದ ಮನೆಯ ಹಾರ್ಗ್ರೀವ್ಸ್ ಕಿಟಕಿ ಒಡೆದು ತೋಟದ ಪೈಪಿನಿಂದ ನೀರು ಬಿಡುತ್ತಿದ್ದ. ಕುರ್ಚಿ, ಕಾರ್ಪೆಟ್ಟು, ಸ್ವೆಟರು, ಬೆಕ್ಕು, ಎಲ್ಲಕ್ಕೂ ಮಹಾಭಿಷೇಕ!

ಬೆಂಕಿಯ ಮೇಲೆ ಬಾಣಲೆಯನ್ನು ಯಾಕೆ ಬೋರಲು ಹಾಕಿದೆ ಎಂದು ಹಾರ್ಗ್ರೀವ್ಸ್ ಕೇಳಿದ. ಉತ್ತರ ಸೆಡ್ರಿಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನೆಸ್ಟಾ ಪೆಟ್ಟಿಗೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಹುಚ್ಚನೆನಿಸಿಕೊಂಡರೂ ಸರಿ, ಇವಳು ಮತ್ತೆ ಹೋಗಬಾರದು ಎಂದು ಅವನು ತುಟಿ ಬಿಗಿಹಿಡಿದು ನಿಂತ. ಹಾರ್ಗ್ರೀವ್ಸ್ ಹಣೆ ಚಚ್ಚಿಕೊಂಡು ಹೊರಟುಹೋದ.

ನೆಸ್ಟಾ ಪೆಟ್ಟಿಗೆ ಕೆಳಗಿಟ್ಟು ಗಂಡನ ಮುಖ ನೋಡಿದಳು. “ಕರ್ಫ್ಯೂ ತಾನೆ?”

ಅವನು ಬೆಪ್ಪಾದ. “ನಿಂಗೆ ಹೇಗೆ ಗೊತ್ತು?”

“ಮೊದಲನೇ ಸಲ ನನ್ನನ್ನ ಮನೆ ತನಕ ಬಿಡೋಕೆ ಬಂದಿದ್ದೆಯಲ್ಲ, ಆಗ ಚರ್ಚಿನ ಗೋಡೆ ಹತ್ರ ಗಂಟೆ ಹೊಡೀತು. ಇದೇ ಕಥೆ ಹೇಳಿದೆ. ಮದುವೆ ಆದ್ರೆ ಇವನನ್ನೇ ಅಂತ ಅವತ್ತೇ ಅಂದ್ಕೊಂಡೆ.”

ಸೆಡ್ರಿಕ್ಕನ ಎದೆ ಉಬ್ಬಿತು. “ಕಥೆ ಅಷ್ಟು ಹಿಡಿಸಿತ್ತಾ?”

“ಕಥೆ ಅಲ್ಲ ಪುಣ್ಯಾತ್ಮ. ಹೇಳಿ ಮುಗಿಸಿ ನೀನು ಒಂದು ಮುತ್ತು ಕೊಟ್ಟೆ. ಆಮೇಲೆ ನಲವತ್ತು ವರ್ಷ ಬರೀ ಕಥೇನೇ ಹೇಳ್ಕೊಂಡು ಬಂದೆ.”