ಹುಳದ ಮನೆ ಬಾಗಿಲಲ್ಲಿ ಕರೆಂಟ್ ಕಾರು

ಇನ್ನು ಈ ಜನ್ಮದಲ್ಲಿ ಪೆಟ್ರೋಲ್ ಬಂಕಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ! ಹೀಗೆಂದು ನಮ್ಮ ಅಕ್ಕೂರಿನಲ್ಲಿ ಕೇಳಿದವರಿಗೂ ಕೇಳದವರಿಗೂ ಸಾರಿ, ಹಳೇ ಪೆಟ್ರೋಲ್ ಕಾರು ಮಾರಿ, ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದೆ. ನಾನು ಜಯಕುಮಾರ್, ಚನ್ನಪಟ್ಟಣದಲ್ಲಿ ಇನ್ಶೂರೆನ್ಸ್ ಏಜೆಂಟ್. ಯಾರ ಗಾಡಿ ಯಾವ ಮೋರಿಗೆ ಬೀಳಬಹುದೆಂದು ಮೊದಲೇ ಊಹಿಸಿ ಪಾಲಿಸಿ ಮಾಡಿಸುವವನು. ಅಂಥ ದೂರದೃಷ್ಟಿಯವನು ತನ್ನ ಕಾರಿನ ವಿಷಯದಲ್ಲಿ ಎಡವುತ್ತಾನೆಯೇ? ಮುಂದೆ ಓದಿ.

ಈ ಕಾರು ತಂದದ್ದಕ್ಕೆ ಕಾರಣ ನಮ್ಮ ಮನೆಯ ರೇಷ್ಮೆ ಹುಳಗಳು. ಇವುಗಳಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಬೀಡಿ ಹೊಗೆ ಆಗದು, ಸೆಂಟು ಆಗದು, ಒಗ್ಗರಣೆಯ ಘಾಟೂ ಆಗದು. ಒಮ್ಮೆ ಮುನಿಸಿಕೊಂಡರೆ ಮೇವು ಬಿಡುತ್ತವೆ, ಗೂಡು ಕಟ್ಟುವುದಿಲ್ಲ, ಪಟ್ಟ ಶ್ರಮವೆಲ್ಲ ತಿಪ್ಪೆಗೆ. ಆದ್ದರಿಂದ ಅವನ್ನು ಸಾಕುವ ಹುಳದ ಮನೆಯಲ್ಲಿ ನನ್ನ ಹೆಂಡತಿ ಸೌಮ್ಯಳದೇ ಕಾನೂನು. ಹಳೇ ಕಾರಿಗೆ ಅದರ ಹತ್ತಿರ ಸುಳಿಯಲೂ ಅನುಮತಿ ಇರಲಿಲ್ಲ. ಅದು ರಸ್ತೆಯಾಚೆ ಹುಣಸೆ ಮರದಡಿ, ಕಾಗೆಗಳ ಕೃಪೆಗೆ ಪಾತ್ರವಾಗಿ ನಿಲ್ಲುತ್ತಿತ್ತು.

“ಹೊಗೆ ಇಲ್ಲ, ವಾಸ್ನೆ ಇಲ್ಲ, ಸದ್ದೂ ಇಲ್ಲ!” ಎಂದು ಹೊಸ ಕಾರಿನ ಬೆನ್ನು ತಟ್ಟಿದೆ. “ಇನ್ಮೇಲೆ ಹುಳದ ಮನೆ ಪಕ್ಕದಲ್ಲೇ ನಿಲ್ಲಿಸ್ತೀನಿ. ಅಲ್ಲೇ ದೊಡ್ಡ ಪ್ಲಗ್ಗೂ ಐತೆ, ಚಾರ್ಜೂ ಹಾಕ್ತೀನಿ.”

“ಮೊನ್ನೆ ಟೀವೀಲಿ ಕರೆಂಟ್ ಸ್ಕೂಟ್ರು ಧಗಧಗ ಅಂತ ಉರೀತಿತ್ತಲ್ಲ?” ಎಂದಳು ಸೌಮ್ಯ.

“ಅದು ಸ್ಕೂಟ್ರು ಕಣೇ, ಇದು ಕಾರು!”

“ಹಂಗಾದ್ರೆ ಇನ್ನೂ ದೊಡ್ಡದಾಗಿ ಉರಿಯುತ್ತೆ.”

ನನ್ನ ತಾಯಿ ಬೋರಮ್ಮ ಸೊಸೆಯ ಪಕ್ಷ. “ಅವ್ಳು ಹೇಳೋದು ಸರಿ ಕಣ್ಲಾ. ಬೆಂಕಿ ಹತ್ಕಂಡ್ರೆ ನೀನು ಓಡೋಯ್ತೀಯ, ಹುಳ ಎಲ್ಲಿಗ್ಲಾ ಓಡಾವು?”

ಕೊನೆಗೆ ಸೌಮ್ಯ ತೀರ್ಪು ಕೊಟ್ಟಳು: “ಯಾವ್ದಾದ್ರೂ ಗ್ಯಾರೇಜ್‌ನೋರು ಪೂರ್ತಿ ಚೆಕ್ ಮಾಡಿ, ಏನೂ ಅಪಾಯ ಇಲ್ಲ ಅಂತ ಹೇಳ್ಲಿ. ಅಲ್ಲಿಗಂಟ ನನ್ ಹುಳದ ಮನೆ ತಾವ ಕಾರೂ ಬರಂಗಿಲ್ಲ, ವೈರೂ ಬರಂಗಿಲ್ಲ. ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಈ ಬೆಳೆ ಏನಾದ್ರೂ ಕೆಡ್ತೋ, ಕಾರಲ್ಲೇ ಮಲಗ್ಬೇಕಾಯ್ತದೆ ನೀವು!”

“ಇಷ್ಟೇ ತಾನೆ? ಸಂಜೆ ಹೊತ್ತಿಗೆ ಸೇಫ್ಟಿ ಚೆಕ್ ಮಾಡಿಸ್ಕಂಡೇ ಬತ್ತೀನಿ!” ಎಂದು ಮೀಸೆ ತಿರುವಿ ಹೊರಟೆ. ಕಾರಿನಲ್ಲಿ ಚಾರ್ಜು ಅರ್ಧಕ್ಕಿಂತ ಕಮ್ಮಿಯಿತ್ತು. ನನ್ನಲ್ಲಿ ಧೈರ್ಯ ತುಂಬಿ ತುಳುಕುತ್ತಿತ್ತು.

ಮೊದಲು ಚನ್ನಪಟ್ಟಣದ ಮಕ್ಬೂಲನ ಗ್ಯಾರೇಜು. ನನ್ನ ಹಳೇ ಗಾಡಿಗಳೆಲ್ಲ ಅವನ ಕೈಯಲ್ಲೇ ಬದುಕಿ, ಅವನ ಕೈಯಲ್ಲೇ ಸತ್ತವು.

“ಸ್ಟಾರ್ಟ್ ಮಾಡಿ ಸಾರ್,” ಎಂದ.

“ಸ್ಟಾರ್ಟ್ ಆಗೈತೆ.”

ಮಕ್ಬೂಲ್ ಬಾನೆಟ್ಟಿನ ಮೇಲೆ ಕಿವಿ ಇಟ್ಟ. ನಾಡಿ ಸಿಗದ ವೈದ್ಯನ ಹಾಗೆ ಮುಖ ಸಪ್ಪಗೆ ಮಾಡಿದ. “ಒಸಿ ಆಕ್ಸಿಲರೇಟ್ರು ಕೊಡಿ,” ಎಂದ. ಕೊಟ್ಟೆ. ಕಾರು ಕೆಮ್ಮಲೂ ಇಲ್ಲ, ಸೀನಲೂ ಇಲ್ಲ. ಸುಮ್ಮನೆ ಮುಂದೆ ನುಗ್ಗಿ ಅವನ ಟೀ ಇಟ್ಟಿದ್ದ ಸ್ಟೂಲನ್ನು ಉರುಳಿಸಿತು.

“ಸಾರ್, ನಾನು ಕಿವೀಲೇ ಗಾಡಿ ನೋಡೋನು,” ಎಂದ ಮಕ್ಬೂಲ್, ಪ್ಯಾಂಟಿನ ಮೇಲಿನ ಟೀ ಒರೆಸಿಕೊಳ್ಳುತ್ತಾ. “ಕೆಟ್ಟ ಗಾಡೀನೂ ಸದ್ದು ಮಾಡ್ತದೆ, ಒಳ್ಳೇ ಗಾಡೀನೂ ಸದ್ದು ಮಾಡ್ತದೆ. ಸದ್ದೇ ಇಲ್ದೆ ಓಡಾಡೋದು ನಮ್ ಬೀದೀಲಿ ಹಾಲು ಕದಿಯೋ ಬೆಕ್ಕು ಒಂದೇ.”

“ಸೇಫ್ಟಿ ಐತೆ ಅಂತ ಒಂದ್ ಮಾತು ಹೇಳಪ್ಪ!”

“ಟೈರಿಗೆ ಹೇಳ್ತೀನಿ. ಬ್ರೇಕಿಗೆ ಹೇಳ್ತೀನಿ. ಒಳಗಡೆ ಆ ಕಿತ್ತಳೆ ಬಣ್ಣದ ದಪ್ಪ ವೈರ್ ಐತಲ್ಲ, ಅದನ್ನ ಮುಟ್ಟಕೂಡ್ದು ಅಂತ ಮನೇಲಿ ನಮ್ ಯಾಸ್ಮಿನ್ ಆಣೆ ಹಾಕವ್ಳೆ.”

ಇಲ್ಲೂ ಹೆಂಡತಿಯ ಕಾನೂನೇ! ಗಂಡಸರ ಕಷ್ಟ ಗಂಡಸರಿಗೇ ಗೊತ್ತೆಂದು ಅವನ ಹೆಗಲು ತಟ್ಟಿ ರಾಮನಗರದ ದಾರಿ ಹಿಡಿದೆ.

ಹೆದ್ದಾರಿ ಪಕ್ಕದಲ್ಲಿ ಹೊಗೆ ಪರೀಕ್ಷೆ ಮಾಡುವ ವ್ಯಾನು ನಿಂತಿತ್ತು. ಅದೂ ಒಂಥರ ಪರೀಕ್ಷೆಯೇ ತಾನೆ ಎಂದು ನಿಲ್ಲಿಸಿದೆ. ವ್ಯಾನಿನವನು ಕೊಳವೆ ಹಿಡಿದುಕೊಂಡು ಕಾರಿನ ಹಿಂದೆ ಬಗ್ಗಿದ, ಕೆಳಗೆ ಬಗ್ಗಿದ, ಸುತ್ತ ಪ್ರದಕ್ಷಿಣೆ ಹಾಕಿದ. ಸೈಲೆನ್ಸರ್ ಇದ್ದರಲ್ಲವೇ ಸಿಗುವುದು?

“ಹೊಗೇನೇ ಇಲ್ವಲ್ಲ ಸಾರ್, ನಾನೇನ್ ಟೆಸ್ಟ್ ಮಾಡ್ಲಿ?”

“ಹೊಗೆ ಇಲ್ಲ ಅಂತಾನೇ ಬರ್ಕೊಡು!”

“ಕಂಪ್ಯೂಟ್ರು ಒಪ್ಪಲ್ಲ ಸಾರ್. ಒಸಿನಾದ್ರೂ ಇರ್ಬೇಕು.”

“ಒಂದು ಊದುಬತ್ತಿ ಹಚ್ಚಿ ಹಿಡೀಲಾ?” ಎಂದೆ ಸಿಟ್ಟಿನಿಂದ. ಪುಣ್ಯಾತ್ಮ ಒಂದು ಗಳಿಗೆ ಯೋಚಿಸಿಯೇಬಿಟ್ಟ!

ರಾಮನಗರದಲ್ಲಿ ಗಾಜಿನ ಬಾಗಿಲಿನ ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗಿ ನಗುನಗುತ್ತಾ, “ಇದು ನಮ್ಮ ಕಂಪನಿ ಗಾಡಿ ಅಲ್ಲ ಸಾರ್,” ಎಂದಳು. ಅಷ್ಟು ಚೆಂದವಾಗಿ ಇಲ್ಲವೆನ್ನಿಸಿಕೊಂಡದ್ದು ಜೀವನದಲ್ಲೇ ಮೊದಲು. ಕನಿಕರಪಟ್ಟು ಬಿಡದಿಯ ಶೋಯೆಬ್ ಎಂಬವನ ನಂಬರು ಕೊಟ್ಟಳು. ಅವನು ಮನೆಗೇ ಬಂದು ಎಲೆಕ್ಟ್ರಿಕ್ ಕಾರು ಚೆಕ್ ಮಾಡುತ್ತಾನಂತೆ. ಫೋನ್ ಮಾಡಿದರೆ, “ಬತ್ತೀನಿ ಸಾರ್, ಆದ್ರೆ ನಾಳೆ,” ಎಂದ. ನಾಳೆಯಂತೆ ನಾಳೆ! ಸಂಜೆಯೊಳಗೆ ಎಂದು ಮೀಸೆ ತಿರುವಿ ಬಂದವನು ನಾನು. ಅವನನ್ನು ಬರಲು ಹೇಳಿ, ಆ ಕ್ಷಣವೇ ಮರೆತೂಬಿಟ್ಟೆ.

ಅಷ್ಟರಲ್ಲಿ ಚಾರ್ಜು ಪಾತಾಳ ನೋಡುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಸಮೀವುಲ್ಲಾನ ಅಂಗಡಿ. ನಮ್ಮ ಬೋರ್‌ವೆಲ್ಲಿನ ಮೋಟಾರು ಸುಟ್ಟಾಗಲೆಲ್ಲ ಅವನೇ ದೇವರು.

“ಕರೆಂಟಲ್ಲಿ ಓಡ್ತದಾ?” ಎಂದ ಸಮೀವುಲ್ಲಾ, ಕಣ್ಣರಳಿಸಿ. “ಹಂಗಾದ್ರೆ ಇದು ಗಾಡಿ ಅಲ್ಲ ಜಯಣ್ಣ, ಮೋಟ್ರು! ಮೋಟ್ರು ಅಂದ್ಮೇಲೆ ನಮ್ದೇ ಖಾತೆ!”

ಟೆಸ್ಟರ್ ತಂದು ಬಂಪರಿಗೆ ಚುಚ್ಚಿದ, ಬಾಗಿಲಿಗೆ ಚುಚ್ಚಿದ, ಕನ್ನಡಿಗೂ ಚುಚ್ಚಿದ. “ಬಾಡಿಗೆ ಕರೆಂಟ್ ಇಳೀತಿಲ್ಲ. ಸ್ಟಾರ್ಟರ್ ಡಬ್ಬ ಎಲ್ಲಿ?”

“ಇಲ್ಲ.”

“ತ್ರೀ ಫೇಸ್ ಕೊಟ್ಟಾಗ ಮಾತ್ರ ಓಡ್ತದಾ?”

“ಯಾವಾಗ ಬೇಕಾದ್ರೂ ಓಡ್ತದೆ.”

“ಪುಣ್ಯವಂತ್ರು ನೀವು! ಎಲ್ಲಾ ಸರಿ ಐತೆ. ಸೇಫ್ಟಿಗೆ ಒಂದೇ ಒಂದು ಐಟಂ ಕಮ್ಮಿ,” ಎಂದು ಒಳಗೆ ಹೋದ. ನಾನು ಟೀ ಕುಡಿದು ಲೋಟ ಇಡುವಷ್ಟರಲ್ಲಿ ಕಾರಿನ ಹಿಂದಿನ ಎಡ ಬಾಗಿಲಿಗೆ ಒಂದು ತಗಡಿನ ಬೋರ್ಡು ಸ್ಕ್ರೂ ಹಾಕಿ ಕೂರಿಸಿದ್ದ. ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಹಾಕುತ್ತಾರಲ್ಲ, ಅದೇ! ಒಂದು ತಲೆಬುರುಡೆ, ಎರಡು ಮೂಳೆ, ಕೆಳಗೆ ಕೆಂಪಕ್ಷರದಲ್ಲಿ ‘ಅಪಾಯ’!

“ಏನಪ್ಪಾ ಇದು!”

“ಇದನ್ನ ನೋಡಿದ್ರೆ ಯಾರೂ ಮುಟ್ಟಲ್ಲ ಜಯಣ್ಣ. ಯಾರೂ ಮುಟ್ದೇ ಇದ್ರೆ ಅದೇ ಅಲ್ವಾ ಸೇಫ್ಟಿ?”

ವಾದ ಮಾಡಲು ಹೊತ್ತಿರಲಿಲ್ಲ. ಆದರೆ ತಲೆ ಓಡಿತು. ಎಲ್ಲಾ ಸರಿ ಐತೆ ಎಂದು ಒಬ್ಬ ಹೇಳಿದ್ದಾಯಿತು! ಬೋರ್ಡು ಇರುವುದು ಎಡಗಡೆ. ಎಡಮಗ್ಗುಲನ್ನು ಹುಳದ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದರೆ ಸೌಮ್ಯಳ ಕಣ್ಣಿಗೆ ಬೀಳುವುದೇ ಇಲ್ಲ! ಇಂಥ ಉಪಾಯಗಳು ನನಗಲ್ಲದೆ ಇನ್ಯಾರಿಗೆ ಹೊಳೆಯುತ್ತವೆ?

ಎಸಿ ಆರಿಸಿ, ರೇಡಿಯೋ ಆರಿಸಿ, ನನ್ನ ಉಸಿರನ್ನೂ ಹಿಡಿತದಲ್ಲಿಟ್ಟುಕೊಂಡು ಅಕ್ಕೂರು ಸೇರಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಗೇಣು ಜಾಗವೂ ಬಿಡದೆ ಕಾರನ್ನು ಒತ್ತರಿಸಿದೆ. ‘ಟಿಂಗ್’ ಎಂದಿತು. ಸ್ಟೇರಿಂಗಿನ ಮುಂದಿನ ಪರದೆ ಕಪ್ಪಾಯಿತು. ಗೇರು ಕಲ್ಲಾಯಿತು. ಪರವಾಗಿಲ್ಲ, ಚಾರ್ಜ್ ಹಾಕಿದರಾಯಿತು ಎಂದು ಇಳಿದವನಿಗೆ ಆಗ ನೆನಪಾಯಿತು: ಚಾರ್ಜ್ ಹಾಕುವ ತೂತೂ ಎಡಗಡೆಯೇ! ಗೋಡೆಗೂ ಅದಕ್ಕೂ ನಡುವೆ ಬೆರಳು ಕೂಡ ಹೋಗುವಂತಿರಲಿಲ್ಲ.

ಆಗ ಹುಳದ ಮನೆಯೊಳಗಿಂದ ಸೌಮ್ಯಳ ದನಿ ಬಂತು. “ಏನಿದು, ಇದ್ದಕ್ಕಿದ್ದಂಗೆ ಕತ್ಲಾಯ್ತು?”

ಗೋಡೆ ಗೋಡೆ ಎಂದು ಒತ್ತರಿಸುವಾಗ ಬಾಗಿಲನ್ನೂ ಸೇರಿಸಿ ಒತ್ತರಿಸಿಬಿಟ್ಟಿದ್ದೆ! ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದೆಂದು ಆ ಮನೆಯ ಕಿಟಕಿಗಳಿಗೆಲ್ಲ ಬಲೆ ಬಿಗಿದಿದೆ, ಇರುವ ಒಂದೇ ಬಾಗಿಲಿಗೂ ಬಲೆಯೇ. ಅತ್ತೆ ಸೊಸೆ ಇಬ್ಬರೂ ಒಳಗೆ. ಬೋರಮ್ಮ ಒಳಗಿನಿಂದ ಬಲೆ ಬಾಗಿಲು ಎಳೆದರು. ಎದುರಿಗೇ ತಲೆಬುರುಡೆ!

“ಅಯ್ಯಯ್ಯೋ! ಯಮ ಬಂದ್ಬುಟ್ಟ ಕಣವ್ವೋ!”

ಸೌಮ್ಯ ಬಗ್ಗಿ ಬೋರ್ಡು ಓದಿದಳು. “ಏನೂ ಅಪಾಯ ಇಲ್ಲ ಅಂತ ಹೇಳಿಸ್ಕಂಡ್ ಬನ್ನಿ ಅಂದ್ರೆ, ಅಪಾಯ ಅಂತ ಬೋರ್ಡೇ ಹಾಕಿಸ್ಕಂಡ್ ಬಂದಿದ್ದೀರಲ್ರೀ! ತೆಗೀರಿ ಕಾರ್ನ!”

“ಚಾರ್ಜ್ ಇಲ್ಲ.”

“ಹಾಕಿ!”

“ಹಾಕೋ ತೂತು ಗೋಡೆ ಕಡೆಗೈತೆ.”

“ತಳ್ಳಿ!”

“ಗೇರು ಸಿಕ್ಕಾಕ್ಕಂಡೈತೆ.”

ಅವಳು ಒಳಗೆ ತಟ್ಟೆಗಳತ್ತ ತಿರುಗಿ ನೋಡಿ ಹೇಳಿದಳು, “ಹುಳ ಹಣ್ಣಾಗ್ಬುಟ್ಟವೆ ಕಣ್ರೀ.”

ಹಣ್ಣಾದ ಹುಳ ಕಾಯುವುದಿಲ್ಲ. ಮೇವು ಬಿಟ್ಟು ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ತಕ್ಷಣ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಗಳೆಲ್ಲ ಹೊರಗೆ ಚಪ್ಪರದಲ್ಲಿ. ಹುಳಗಳೆಲ್ಲ ಒಳಗೆ. ನಡುವೆ ನನ್ನ ದೂರದೃಷ್ಟಿ!

ಸೌಮ್ಯ ಅಳಲಿಲ್ಲ. ಕಾರಿನ ಹಿಂದಿನ ಬಾಗಿಲನ್ನು ತನ್ನ ಕಡೆಗೆ ಎಳೆದಳು. ಅದು ಹುಳದ ಮನೆಯ ಬಾಗಿಲೊಳಕ್ಕೆ ಅರ್ಧ ತೆರೆಯಿತು. ತೂರಿ ಬಂದು ಸೀಟಿನ ಮೇಲೆ ಕೂತು, “ಆ ಕಡೆ ಬಾಗ್ಲು ತೆಗೀರಿ,” ಎಂದಳು. ನನ್ನ ಐಷಾರಾಮಿ ಕಾರು ಹಜಾರವಾಯಿತು! ಬೋರಮ್ಮ ಒಳಗೆ ಹುಳ ಆರಿಸಿ ತಟ್ಟೆಗೆ ಹಾಕುವುದು, ಸೌಮ್ಯ ಕಾರಿನಲ್ಲಿ ಕೂತು ಈಸಿಕೊಂಡು ದಾಟಿಸುವುದು, ನಾನು ಈಚೆ ಬಾಗಿಲಲ್ಲಿ ಹಿಡಿದು ಚಂದ್ರಿಕೆಗೆ ಒಯ್ಯುವುದು. ಎಲ್ಲಾ ಸುಸೂತ್ರವಾಗಿ ನಡೆಯುತ್ತಿತ್ತು. ಸುಸೂತ್ರವಾಗಿ ನಡೆಯುತ್ತಿದೆ ಎಂದು ಹೇಳಲು ಬಾಯಿ ತೆರೆದೆ ನೋಡಿ, ಕೈ ಜಾರಿ ಒಂದಿಡೀ ತಟ್ಟೆ ಕಾರಿನೊಳಗೆ ಬೋರಲಾಯಿತು!

ಅಷ್ಟೊತ್ತಿಗೆ ಪಕ್ಕದ ತೋಟದ ಚೆಲುವಯ್ಯ ಆಳುಗಳ ಸಮೇತ ಓಡಿ ಬಂದ. “ಎತ್ರಲಾ ಕಾರ್ನ! ಒಂದೇ ಏಟ್ಗೆ ಪಕ್ಕಕ್ಕಿಟ್ಬುಡವ!”

“ಮುಟ್ಬೇಡಿ!” ಸೌಮ್ಯ ಕಿರುಚಿದಳು. “ಒಳಗೆ ಹುಳ ನೂಲು ಬಿಡೋಕೆ ಶುರು ಮಾಡವೆ! ಅಲ್ಲಾಡಿಸಿದ್ರೆ ಗೂಡು ಕೆಡ್ತವೆ! ಗೂಡು ಬಲಿಯೋಗಂಟ ಕಾರು ಇಲ್ಲೇ ಇರ್ಲಿ!”

ನಿಜ. ಸ್ಟೇರಿಂಗಿನ ಮೇಲೆ, ಸೀಟ್ ಬೆಲ್ಟಿನ ಮೇಲೆ, ಕನ್ನಡಿಯ ಹಿಂದೆ, ಎಲ್ಲೆಲ್ಲೂ ನೂಲು. ಚೆಲುವಯ್ಯ ಕಾರನ್ನೂ ನನ್ನನ್ನೂ ನೋಡಿ, “ಚಂದ್ರಿಕೆ ಚೆನ್ನಾಗೈತೆ ಕಣ್ಲಾ. ಎಲ್ಲಿಂದ ತಂದೆ?” ಎಂದು ಕೇಳಿ ಹೋದ.

ಮಾರನೆಯ ದಿನ ಬೆಳಿಗ್ಗೆ ಬಿಡದಿಯ ಶೋಯೆಬ್ ಪ್ರತ್ಯಕ್ಷನಾದ. ಲ್ಯಾಪ್‌ಟಾಪು, ಮೀಟರು, ರಬ್ಬರ್ ಗ್ಲೌಸು, ಸಾಕ್ಷಾತ್ ದೇವದೂತ! ಸೌಮ್ಯ ಅಂಗಳದ ತುದಿಯಲ್ಲೇ ತಡೆದಳು.

“ಚಪ್ಲಿ ಬಿಡಪ್ಪ. ಕಾಲ್ ತೊಳ್ಕೊ. ಸುಣ್ಣದ ಪುಡಿ ತುಳಿ. ಸಿಗರೇಟು ಸೇದೀಯಾ?”

“ಇಲ್ಲ ಮೇಡಂ. ನಾನು ಕಾರಿನ ಸೇಫ್ಟಿ ಚೆಕ್ ಮಾಡೋಕ್ ಬಂದಿರೋದು.”

“ಮೊದ್ಲು ನಿನ್ನ ಚೆಕ್ ಆಗ್ಲಿ. ಏನದು ಘಮ್ ಅಂತೈತಲ್ಲ?”

“ಅತ್ತರು ಮೇಡಂ. ನಮ್ ಅಣ್ಣನ ಮದ್ವೆ.”

“ಮದ್ವೆಗೆ ಒಳ್ಳೇದಾಗ್ಲಿ. ನೀನು ಫೇಲು. ಹೋಗ್ಬಾ.”

ದೇವದೂತ ಬಂದ ಬೈಕಿನಲ್ಲೇ ಬಿಡದಿಗೆ ಅಂತರ್ಧಾನನಾದ. ನಾನು ದಿನಾ ಬಸ್ಸಿನಲ್ಲಿ ನಿಂತುಕೊಂಡು ಚನ್ನಪಟ್ಟಣಕ್ಕೆ ಹೋಗಿಬಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳೆ ಕೈಕೊಟ್ಟರೆ ಅವಳ ಮುಖ ಹೇಗೆ ನೋಡುವುದು ಎಂಬ ಭಯ ನಿಜವಾಗಿಯೂ ಕಾಡಿತು.

ಗೂಡು ಬಿಡಿಸುವ ದಿನ ಬಂತು. ಚಂದ್ರಿಕೆಯಲ್ಲಿ ಬೆಳೆ ಸೊಗಸಾಗಿತ್ತು. ಕೊನೆಗೆ ಸೌಮ್ಯ ಕಾರಿನೊಳಗೆ ಹೋಗಿ ಸ್ಟೇರಿಂಗಿನಿಂದ ಒಂದು ಗೂಡು ಬಿಡಿಸಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದಳು.

“ಬಿರುಸಾಗೈತೆ,” ಎಂದ ಅವಳ ಮುಖ ಅರಳಿತು. “ಹೊಗೆ ಇದ್ರೆ ಕಟ್ತಿರ್ಲಿಲ್ಲ. ವಾಸ್ನೆ ಇದ್ರೆ ಕಟ್ತಿರ್ಲಿಲ್ಲ. ಕಾವು ಜಾಸ್ತಿ ಆಗಿದ್ರಂತೂ ಸತ್ತೇ ಹೋಗಿರೋವು. ಹುಳಾನೇ ನಂಬೈತೆ ಅಂದ್ಮೇಲೆ ಇನ್ಯಾವ ಗ್ಯಾರೇಜ್ ಬೇಕು? ಕಾರು ಪಾಸು! ಇಲ್ಲೇ ನಿಲ್ಸಿ, ಇಲ್ಲೇ ಚಾರ್ಜ್ ಹಾಕಿ.”

“ನಾನ್ ಮೊದ್ಲೇ ಹೇಳ್ಲಿಲ್ವಾ!” ಎಂದು ಎದೆಯುಬ್ಬಿಸಿದೆ.

ಚೆಲುವಯ್ಯನ ಕಡೆಯವರು ಕಾರನ್ನು ಎತ್ತಿ ಪಕ್ಕಕ್ಕಿಟ್ಟರು. ಸೌಮ್ಯ ಸ್ಕ್ರೂಡ್ರೈವರ್ ತಂದು ಬೋರ್ಡು ಬಿಚ್ಚಿ ಸೆರಗಿನಿಂದ ಒರೆಸತೊಡಗಿದಳು.

“ಬಿಸಾಕು ಅದನ್ನ,” ಎಂದೆ.

“ಯಾಕ್ ಬಿಸಾಕ್ಲಿ? ಬರ್ದಿರೋದು ಸುಳ್ಳಲ್ಲ. ಹಾಕಿದ್ ಜಾಗ ತಪ್ಪಾಗಿತ್ತು, ಅಷ್ಟೇ.”

ಈಗ ಆ ಬೋರ್ಡು ನಮ್ಮ ಜಗಲಿಯಲ್ಲಿ, ನಾನು ಕೂರುವ ಕುರ್ಚಿಯ ಮೇಲುಗಡೆ ನೇತಾಡುತ್ತಿದೆ. ಪಾಲಿಸಿ ಮಾಡಿಸಲು ಬಂದವರು ಮೆಟ್ಟಿಲಲ್ಲೇ ನಿಂತು ಅದನ್ನು ಓದುತ್ತಾರೆ, ಕೆಳಗೆ ಕೂತ ನನ್ನನ್ನು ನೋಡುತ್ತಾರೆ. ಆಮೇಲೆ, “ಅಮ್ಮಾವ್ರು ಮನೇಲಿ ಅವ್ರಾ?” ಎಂದು ಕೇಳುತ್ತಾರೆ.