ಪುಟ್ಟ ಹಿಡಿ, ಕೆಂಪು ಹೇಂಟೆ

ದೇವರಿಗೆ ಕೊಡುವ ಮಾತು ಬಂದರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಮದ್ದೂರಿನ ಕಡೆಗೆ ನಾಲೆ ನೀರು ಬಂದು, ನಮ್ಮ ಕ್ರೈಸ್ತ ಸಭೆಯವರು ಮೊದಲ ಸಲ ಭತ್ತ ಬೆಳೆದ ವರ್ಷವಂತೂ ಕೇಳಲೇಬೇಡಿ!

ಹಿಡಿ ರಾಗಿ

ರಾಗಿ ಬೀಸಲು ಕೂರುವ ಮೊದಲು ದೇವರ ಗಡಿಗೆಗೆ ಒಂದು ಹಿಡಿ ಹಾಕುವುದು ನಮ್ಮ ಸಭೆಯ ರೂಢಿ. ಸಭೆ ನಡೆಸುವ ಉಪದೇಶಿಗಳ ಹೆಂಡತಿ ವಾರಕ್ಕೊಮ್ಮೆ ಬಂದು ಅದನ್ನು ಒಯ್ದು ಇಲ್ಲದವರಿಗೆ ಹಂಚುತ್ತಿದ್ದರು. ನಮ್ಮತ್ತೆ ದಿನಾ ನನ್ನ ಎರಡು ವರ್ಷದ ಮಗಳನ್ನು ಕರೆಯುವರು. "ಬಾವ್ವ, ನೀನಾಕು. ಮಕ್ಕಳ ಕೈಲಿ ಕೊಟ್ರೆ ದೇವ್ರಿಗೆ ಇಷ್ಟ."

ಆ ಪುಟ್ಟ ಮುಷ್ಟಿಯಿಂದ ದಾರಿಯಲ್ಲೇ ಅರ್ಧ ಉದುರಿ, ಗಡಿಗೆ ಸೇರುತ್ತಿದ್ದುದು ಗುಬ್ಬಚ್ಚಿಗೂ ಸಾಲದಷ್ಟು. ನಾನು ಬಿಡಲಿಲ್ಲ: "ಅತ್ತೆಮ್ಮ, ನಿಮಗೆ ಮುದ್ದೆನೂ ಮಗೀನ ಕೈಲೇ ಕಟ್ಟಿಸ್ಲಾ?"

ಬುಟ್ಟಿಯೊಳಗೆ ಯಾರು?

ಸುಗ್ಗಿ ಹಬ್ಬದ ಹಿಂದಿನ ಭಾನುವಾರ ಉಪದೇಶಿಗಳು ಮೂರು ಮಾತು ಹೇಳಿದರು. ಮಿಕ್ಕಿದ್ದನ್ನಲ್ಲ, ಒಳ್ಳೆಯದನ್ನೇ ಕೊಡಿ. ಗೊಣಗದೆ ಕೊಡಿ. ಕೊಟ್ಟದ್ದನ್ನು ಸಾರಬೇಡಿ.

ನನಗೆ ಹುರುಪು ತಡೆಯಲಾಗಲಿಲ್ಲ. ಎದ್ದು ನಿಂತು ಸಾರಿಯೇಬಿಟ್ಟೆ: "ನಮ್ಮನೆ ಕೆಂಪು ಹೇಂಟೆ ಕೊಡ್ತೀವಿ!"

ಅತ್ತೆ ತೊಡೆ ಚಿವುಟಿದರು. ಮನೆಯಲ್ಲಿ ಮೊಟ್ಟೆಯಿಡುವ ಕೋಳಿ ಅದೊಂದೇ. ಜ್ವರದಿಂದ ಎದ್ದಿದ್ದ ಮಗಳಿಗೆ ಅದರ ಮೊಟ್ಟೆಯೇ ಶಕ್ತಿ. "ಮಗೀಗೆ ಮೊಟ್ಟೆ ಯಾರಿಕ್ತಾರೆ, ನಿಮ್ಮಪ್ಪನಾ?"

ಹಬ್ಬದ ದಿನ ಅತ್ತೆಯೇ ಬುಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟು ಜೊತೆಗೆ ಹೊರಟರು. ಅರ್ಧ ದಾರಿಯಲ್ಲಿ ಒಳಗಿಂದ "ಕೊಕ್ಕೊಕ್ಕೋ" ಎಂದು ಕೂಗು! ಬಿಚ್ಚಿದರೆ ನಮ್ಮ ಕುಂಟ ಹುಂಜ.

"ಅತ್ತೆಮ್ಮ, ಏನು ಅದ್ಭುತ! ಹೊತ್ತು ಏರೋದ್ರೊಳಗೆ ನಮ್ಮ ಹೇಂಟೆ ಗಂಡಾಗ್ಬುಟ್ಟದೆ!"

ಮನೆಗೆ ಓಡಿ ಹುಂಜ ಬಿಟ್ಟು ಹೇಂಟೆ ತಂದೆ.

ಮೊಟ್ಟೆ ಯಾರದು?

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ, ಕಾಣಿಕೆಯ ಭತ್ತದ ರಾಶಿಯ ಮೇಲೆ ಹೇಂಟೆ ಮೊಟ್ಟೆಯಿಟ್ಟು ಊರಿಗೇ ಕೇಳುವಂತೆ ಕೂಗಿತು. ಅತ್ತೆ ದಡಕ್ಕನೆ ಎದ್ದರು. "ಬುದ್ಧಿ, ನಾವು ಕೊಟ್ಟಿದ್ದು ಏಂಟೆ. ಮೊಟ್ಟೆ ಮಾತೇ ಆಡಿರ್ಲಿಲ್ಲ!"

ಉಪದೇಶಿಗಳು ನಗು ನುಂಗಿ, "ಮಗೂಗೆ ತಗೊಂಡೋಗಮ್ಮ" ಎನ್ನುವಷ್ಟರಲ್ಲಿ ಮೊಟ್ಟೆ ಅತ್ತೆಯ ಮಡಿಲಲ್ಲಿತ್ತು. ಆಮೆನ್ ಆಮೇಲೆ ಬಂತು.

ಬಾಗಿಲಿಗೆ ಬಂದ ಕಾಣಿಕೆ

ಎರಡು ದಿನ ಮಗಳು ಖಾಲಿ ಗೂಡಿನ ಮುಂದೆ ಕೂತು ಮೊಟ್ಟೆಗಾಗಿ ಅತ್ತಳು. ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಒಂದು ಮೊರ ರಾಗಿ, ಪಕ್ಕದಲ್ಲಿ ಕಾಲು ಕಟ್ಟಿದ ನಮ್ಮದೇ ಕೆಂಪು ಹೇಂಟೆ!

ಕಂಕುಳಲ್ಲಿ ಅವುಚಿಕೊಂಡು ಉಪದೇಶಿಗಳ ಮನೆಗೆ ಓಡಿದೆ. "ಅಮ್ಮಾವ್ರೇ, ಇದು ನಾವು ಕೊಟ್ಟಿದ್ದು!"

ಅವರ ಹೆಂಡತಿ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದರು. "ನಾಚ್ಕೋಬೇಡ ಕಣಮ್ಮ. ವಾರವೆಲ್ಲಾ ಕೂಡಿಟ್ರೂ ನಿಮ್ಮ ಗಡಿಗೇಲಿ ತಳ ಮುಚ್ಚೋಷ್ಟು ರಾಗಿ ಇರಲ್ಲ. ಒಂದು ಮೊಟ್ಟೆಗೂ ನಿಮ್ಮತ್ತೆ ಬಾಯಿ ಬಿಟ್ರು. ಅಂಥಾ ಕಷ್ಟದಲ್ಲೂ ಇದ್ದೊಂದು ಹೇಂಟೆ ಕೊಟ್ರಲ್ಲ! ಸಭೆಯೋರೆಲ್ಲ ಅತ್ತುಬುಟ್ರು. ವಾಪಸ್ ಕೊಟ್ಟಿದ್ದು ಯಾರಿಗೂ ಹೇಳಲ್ಲ, ತಗೊಂಡೋಗು."

ಎಷ್ಟು ಹೇಳಿದರೂ ಕೇಳಲಿಲ್ಲ. ಹೇಂಟೆ ಮತ್ತೆ ನನ್ನ ಕಂಕುಳಲ್ಲೇ ಮನೆಗೆ ಬಂತು.

ವಿಷಯ ಕೇಳಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಎದ್ದು, ಎರಡೂ ಕೈ ತುಂಬಾ ರಾಗಿ ಮೊಗೆದು ದೇವರ ಗಡಿಗೆಗೆ ಸುರಿದರು. ಮತ್ತೊಂದು ಸಲ. ಇನ್ನೂ ಒಂದು ಸಲ.

"ಅತ್ತೆಮ್ಮ, ಅದು ಹಿಡಿಯಲ್ಲ, ಬೊಗಸೆ!"

"ಸುಮ್ಕಿರು ಕಣಮ್ಮ! ಇನ್ನೊಂದು ವಾರ ಇಂಗೇ ಬುಟ್ರೆ, ಅಯ್ಯೋ ಪಾಪ ಅಂತ ಹಸಾನೇ ತಂದು ಬಾಗ್ಲಿಗೆ ಕಟ್ಟಾರು. ಆಮೇಲೆ ಅದಕ್ಕೆ ಹುಲ್ಲು ಯಾರಾಕ್ತಾರೆ, ನಿಮ್ಮಪ್ಪನಾ?"