ಹಿಂದಕ್ಕೆ ಓಡಿ ಬಾರದ ಐವರು ಮತ್ತು ನಮ್ಮ ಕಾಕಾ

ನನ್ನ ತವರು ಗುಡಗೇರಿಯಲ್ಲಿ ಕೂತು ಅಮೆರಿಕದ ಐದು ಜನ ಆಜಾನುಬಾಹು ಬಾಸ್ಕೆಟ್‌ಬಾಲ್ ಆಟಗಾರರಿಗೆ ದಿನಾ ಬೆಳಿಗ್ಗೆ ಬೈಯುವ ಮನುಷ್ಯ ಇಡೀ ಜಗತ್ತಿನಲ್ಲಿ ಒಬ್ಬನೇ ಇದ್ದ. ಅವನು ನಮ್ಮ ಕಾಕಾ! ನಾನು ಮದುವೆಯಾಗಿ ಮಿಶ್ರಿಕೋಟಿಗೆ ಬಂದು ಇಷ್ಟು ವರ್ಷವಾದರೂ, ಚಹಾ ಕುದಿಯುವ ವಾಸನೆ ಬಂದರೆ ಸಾಕು, ನನ್ನ ಕಿವಿಯಲ್ಲಿ ಆ ಬೈಗಳು ಶುರುವಾಗುತ್ತವೆ.

ಕಾಕಾ ಕಾಳಿನ ವ್ಯಾಪಾರಿ. ಅವನಿಗೂ ಬಾಸ್ಕೆಟ್‌ಬಾಲಿಗೂ ಎತ್ತಣ ಸಂಬಂಧ ಅನ್ನುತ್ತೀರಾ? ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಅವನ ಎತ್ತರ ನೋಡಿ ತಂಡಕ್ಕೆ ಸೇರಿಸಿಕೊಂಡರಂತೆ. ಆಮೇಲೆ ಆಟ ನೋಡಿ ಬೆಂಚಿನ ಮೇಲೆ ಕೂರಿಸಿದರಂತೆ. "ಕುಂತಾಂವಗ ಆಟ ಚಲೋ ಕಾಣತೈತಿ" ಎನ್ನುವುದು ಕಾಕಾನ ಸಮಾಧಾನ.

ಅಮೆರಿಕದಲ್ಲಿ ರಾತ್ರಿ ನಡೆಯುವ ಆಟ ನಮಗೆ ಬೆಳಗಿನ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ಬರುತ್ತಿತ್ತು. ಕಾಕಾ ಮೆಚ್ಚಿಕೊಂಡ ತಂಡವೋ, ಚೆಂಡು ಹಾಕುವುದರಲ್ಲಿ ಮಹಾರಾಜರು, ತಡೆಯುವುದರಲ್ಲಿ ಹಸುಗೂಸುಗಳು! ತಾವು ಬುಟ್ಟಿಗೆ ಒಂದು ಚೆಂಡು ಹಾಕಿದ ಖುಷಿಯಲ್ಲಿ ಅಲ್ಲೇ ನಿಂತುಬಿಡುತ್ತಿದ್ದರು. ಎದುರಾಳಿ ಅಷ್ಟರಲ್ಲಿ ಈ ತುದಿಗೆ ಓಡಿಬಂದು ಆರಾಮಾಗಿ ಚೆಂಡು ಹಾಕಿ ಹೋಗುತ್ತಿದ್ದ.

"ಲೇ, ಹಿಂದಕ್ಕ ಓಡ್ರೋ!" ಎಂದು ಕಾಕಾ ಮೊಬೈಲಿಗೆ ಕೂಗುತ್ತಿದ್ದ.

"ಅವರಿಗೆ ಕನ್ನಡ ತಿಳಿತೈತೇನ್ರಿ?" ಎಂದು ಕಾಕಿ ಒಳಗಿನಿಂದ ಕೇಳಿದರೆ, "ಬೈಗಳಾ ತಿಳೀಲಿಕ್ಕೆ ಭಾಷಾ ಯಾಕ ಬೇಕ?" ಎನ್ನುತ್ತಿದ್ದ.

"ಹಂಗಾರ ಸಣ್ಣಗ ಬಯ್ರಿ. ಬಾಜು ಮನಿಯವರು ತಮಗ ಅಂತ ತಿಳಕೊಂಡಾರ!"

ಒಮ್ಮೆ ಸಂತೆಯ ದಿನ ಕಾಕಾ ತನ್ನ ತಂಡದ ರೋಗವೇನೆಂದು ಪಕ್ಕದ ಅಂಗಡಿಯ ದರ್ಜಿ ಇಮಾಮಸಾಬರಿಗೆ ತೋರಿಸಲು ಹೊರಟ. ಅಂಗಡಿ ಮುಂದೆ ಐದು ಚೀಲ ನಿಲ್ಲಿಸಿದ. ಜೋಳದ ಚೀಲ ನಡುವಿನ ಎತ್ತರದ ಆಟಗಾರ. ಕಡಲೆ, ಹೆಸರು, ತೊಗರಿ, ಅಲಸಂದೆ ಸುತ್ತ ಕೋಟೆಯಂತೆ ಕಾಯುವವರು. ಪಾಠ ರಂಗೇರಿದ ಹೊತ್ತಿಗೆ ಕುಬಿಹಾಳದ ಗಿರಾಕಿಯೊಬ್ಬ ಬಂದು ಅಂಗಡಿಯಲ್ಲಿ ಕೂತಿದ್ದ ಕಾಕಿಯ ಕೈಗೆ ದುಡ್ಡು ಕೊಟ್ಟು ಹೆಸರಿನ ಚೀಲ ಹೊತ್ತುಕೊಂಡು ಹೋದ. ಕಾಕಾನಿಗೆ ಗೊತ್ತೇ ಆಗಲಿಲ್ಲ!

"ಸಾವಕಾರ್ರ, ನಿಮ್ಮ ಕೋಟಿಗೆ ತೂತು ಬಿತ್ತಲ್ರಿ!" ಎಂದರು ಇಮಾಮಸಾಬರು.

"ನೋಡ್ರಿ, ನೋಡ್ರಿ! ಅಲ್ಲೂ ಅಗದಿ ಹಿಂಗ ಆಗತೈತಿ!" ಎಂದು ಕಾಕಾ ಕುಣಿದಾಡಿದ.

ನನ್ನ ಮದುವೆಯನ್ನಾದರೂ ಬಿಟ್ಟನೇ? ಊಟದ ಪಂಕ್ತಿಯಲ್ಲಿ ಬಡಿಸುವವರನ್ನೆಲ್ಲ ಕೂಡಿಸಿ, "ಒಬ್ಬೊಬ್ಬರು ಒಂದೊಂದು ಸಾಲು ಹಿಡೀರಿ. ಏನಾದ್ರೂ ಆಗ್ಲಿ, ಸಾಲು ಬಿಡಬ್ಯಾಡ್ರಿ" ಎಂದು ಉಪದೇಶ ಮಾಡಿದ. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು "ತುಪ್ಪ ಎಲ್ಲೈತ್ರೀ?" ಎಂದು ಗುಡುಗಿದರು ನೋಡಿ, ಬಡಿಸುವವರೆಲ್ಲ ಒಟ್ಟಿಗೇ ಅವರತ್ತ ಓಡಿದರು! ಮೂಲೆಯಲ್ಲಿ ಒಂದು ಎಲೆಗೆ ಹೋಳಿಗೆಯೇ ಬೀಳಲಿಲ್ಲ. ಆ ಎಲೆ ಯಾರದು ಅಂತೀರಿ? ಕಾಕಾನದೇ! ಅವನು ಸಿಟ್ಟಾಗಲಿಲ್ಲ. ಖಾಲಿ ಎಲೆ ತೋರಿಸಿ, "ಮೂಲ್ಯಾಗಿನವನ್ನ ಯಾವಾಗ್ಲೂ ಬಿಡ್ತಾರ. ಎಲ್ಲಾರೂ ಚೆಂಡಿನ ಹಿಂದ ಓಡೂದ!" ಎಂದು ಬೀಗರಿಗೆ ವಿವರಿಸುತ್ತ ಕೂತಿದ್ದ. ನಮ್ಮ ಮಾವನವರು ಇಂದಿಗೂ, "ನಿಮ್ಮ ಕಾಕಾ ಅವತ್ತ ಯಾವ ಚೆಂಡಿನ ಸುದ್ದಿ ಹೇಳಿದ್ರವ್ವಾ?" ಎಂದು ಕೇಳುತ್ತಾರೆ.

ಒಂದು ಚಳಿಗಾಲ ನಮ್ಮ ಅವ್ವ ತೀರಿಕೊಂಡಳು. ನಾನು ತವರಿಗೆ ಹೋಗಿ ಕೆಲವು ವಾರ ಉಳಿದೆ. ಅಪ್ಪ ಮಾತು ಬಿಟ್ಟಿದ್ದ. ಉಣ್ಣು ಎಂದರೆ ಉಣ್ಣುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ. ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ಸೋತು ಹೋದರು. ಕಾಕಾ ಮಾತ್ರ ಸಮಾಧಾನ ಹೇಳಲಿಲ್ಲ. ಬೆಳಿಗ್ಗೆ ಮೊಬೈಲು ಹಿಡಿದು ಬಂದು, "ಅಣ್ಣಾ, ನಮ್ಮನ್ಯಾಗ ನೆಟ್ ಬರವಲ್ದು. ಇಲ್ಲೇ ಕುಂತು ನೋಡ್ತೀನಿ" ಎಂದು ಅಪ್ಪನ ಬಾಜು ಕೂತ. ನೆಟ್ ಚೆನ್ನಾಗಿಯೇ ಬರುತ್ತದೆಂದು ಕಾಕಿ ನನಗೆ ಹೇಳಿದ್ದಳು. ದಿನಾ ಬಂದ. ಗೋಡೆಗೆ ಹೇಳಿದ ಹಾಗೆ ಒಬ್ಬನೇ ಆಟ ವಿವರಿಸಿದ. ಅಪ್ಪ ಎತ್ತಲೋ ನೋಡುತ್ತಿದ್ದ.

ಒಂದು ಬೆಳಿಗ್ಗೆ ನಾನು ಪಡಸಾಲೆ ಗುಡಿಸುತ್ತಿದ್ದೆ. ಎಂದಿನಂತೆ ಎದುರಾಳಿ ಒಬ್ಬನೇ ಓಡಿಬಂದು ಚೆಂಡು ಹಾಕಿದ. ಕಾಕಾ ಬೈಯಲು ಬಾಯಿ ತೆಗೆದಿದ್ದ, ಅಷ್ಟರಲ್ಲಿ ಒಡೆದ ದನಿಯೊಂದು ಕೇಳಿಸಿತು.

"ಲೇ ತಮ್ಮಾ, ಆ ಉದ್ದನಾಂವ ಯಾಕ ಹಿಂದಕ್ಕ ಓಡಿ ಬರವಲ್ಲ?"

ಅಪ್ಪ! ನನ್ನ ಕೈಯೊಳಗಿನ ಕಸಬರಿಗೆ ಅಲ್ಲೇ ನಿಂತಿತು.

ಆ ಪ್ರಶ್ನೆಯ ಉತ್ತರವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಕಾಕಾ ಮೊಬೈಲು ಕೆಳಗಿಟ್ಟ. ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಅಣ್ಣನ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದ:

"ನನಗ ಗೊತ್ತಿಲ್ಲಣ್ಣಾ. ನೀನ ಹೇಳು."